ಓದುಗರ ಪ್ರಶ್ನೆ: ಗೆಳೆಯರ ಫೋಟೋ ನೋಡಿ ‘ಸೂಪರ್’ ಬಿಟ್ಟು ಇನ್ನೇನು ಹೇಳುವುದು?

ಪ್ರಶ್ನೆ: ನಾವು ಕೆಲವು ಗೆಳೆಯರು ರಜೆ ಸಿಕ್ಕಾಗ ಕ್ಯಾಮೆರಾ ಹಿಡಿದು ಹೊರಡುತ್ತೇವೆ. ವಾಪಸ್ ಬಂದ ಮೇಲೆ ಒಬ್ಬರಿಗೊಬ್ಬರು ಫೋಟೋ ಕಳಿಸಿ ‘ಹೇಗಿದೆ ಹೇಳು’ ಅಂತೀವಿ. ಚೆನ್ನಾಗಿಲ್ಲ ಅಂದರೆ ಬೇಜಾರು ಮಾಡ್ಕೊತಾರೆ. ಚೆನ್ನಾಗಿದೆ ಅಂದರೆ ಯಾರೂ ಏನೂ ಕಲಿಯಲ್ಲ. ಉಪಯೋಗ ಆಗುವ ಹಾಗೆ ಹೇಳೋದು ಹೇಗೆ?

ಉತ್ತರ: ಫೋಟೋ ತೆಗೆದವರು ಆ ಜಾಗದಲ್ಲಿ ಇದ್ದವರು. ಚಿತ್ರ ನೋಡಿದ ಕೂಡಲೇ ಅವರಿಗೆ ಅಲ್ಲಿನ ಗದ್ದಲ, ಬಿಸಿಲು, ಕಾದು ಕೂತಿದ್ದು ಎಲ್ಲವೂ ನೆನಪಾಗುತ್ತದೆ. ನಿಮ್ಮ ಮುಂದೆ ಇರುವುದು ಚಿತ್ರ ಮಾತ್ರ. ಹಾಗಾಗಿ ಅವರಿಗೆ ಕಾಣದ್ದು ನಿಮಗೆ ಕಾಣುತ್ತದೆ. ಅವರು ನಿಮ್ಮನ್ನು ಕೇಳುವುದೂ ಅದಕ್ಕೇ. ಅದನ್ನು ಹೇಳೋಕೆ ನೀವು ಅವರಿಗಿಂತ ಚೆನ್ನಾಗಿ ಫೋಟೋ ತೆಗೆಯುವವರಾಗಿರಬೇಕಿಲ್ಲ. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿ ಸಿಕ್ಕಿಹಾಕಿಕೊಂಡಿತು ಅನ್ನುವುದನ್ನು ಪ್ರಾಮಾಣಿಕವಾಗಿ ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಉದಾಹರಣೆ ತಗೊಳ್ಳೋಣ. ಗೆಳೆಯ ಕಂಬಳದ ಫೋಟೋ ಕಳಿಸಿದ್ದಾನೆ. ಕನೆಹಲಗೆ ವಿಭಾಗದ ಓಟ. ಹಲಗೆಯ ಮೇಲೆ ನಿಂತ ಓಟಗಾರ, ಮುಂದೆ ಕೋಣಗಳು, ಎರಡೂ ಕಡೆ ಚಿಮ್ಮಿದ ಕೆಸರುನೀರು. ಕೋಣಗಳ ಕಣ್ಣು, ಓಟಗಾರನ ತೋಳು ಎಲ್ಲ ಚೆನ್ನಾಗಿ ಬಂದಿದೆ. ಆದರೆ ನೀರು ಮೇಲೆ ಏರುತ್ತಾ ಹೋಗಿ ಚಿತ್ರದ ಅಂಚಿಗೆ ಕತ್ತರಿಸಿ ನಿಂತಿದೆ.

ಕನೆಹಲಗೆ ಗೊತ್ತಿದ್ದವರಿಗೆ ಇಲ್ಲೇ ನಿರಾಸೆ. ಈ ವಿಭಾಗದಲ್ಲಿ ಯಾರು ಮೊದಲು ಬಂದರು ಅನ್ನುವುದು ಮುಖ್ಯ ಅಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಿತಾ ಅನ್ನುವುದೇ ಸ್ಪರ್ಧೆ. ಆರೂವರೆ ಕೋಲು, ಏಳೂವರೆ ಕೋಲು (ಕೋಲು ಅನ್ನುವುದು ಅಲ್ಲಿನ ಅಳತೆ) ಎತ್ತರದಲ್ಲಿ ನಿಶಾನೆ ಕಟ್ಟಿರುತ್ತಾರೆ. ಇಡೀ ಜನ ನೋಡುತ್ತಿರುವುದು ಅಲ್ಲಿಗೆ. ಫೋಟೋದಲ್ಲಿ ಅದೇ ಇಲ್ಲ.

ಈಗ ‘ಕಂಪೋಸಿಶನ್ ಸರಿ ಇಲ್ಲ’ ಅಂದರೆ ಗೆಳೆಯನಿಗೆ ಏನೂ ತಿಳಿಯುವುದಿಲ್ಲ. ಹೀಗೆ ಹೇಳಿ ನೋಡಿ: ‘ಕೋಣದ ಕಣ್ಣು ನೋಡಿದ ಕೂಡಲೇ ನಿಂತುಬಿಟ್ಟೆ ಮಾರಾಯ, ಸರಿಯಾದ ಕ್ಷಣ ಹಿಡಿದಿದ್ದೀಯ. ಆಮೇಲೆ ನೀರಿನ ಜೊತೆ ಕಣ್ಣು ಮೇಲೆ ಹೋಯ್ತು, ಅಲ್ಲಿ ಕಟ್ ಆಗಿದೆ. ನಿಶಾನೆಗೆ ನೀರು ಬಿತ್ತೋ ಇಲ್ವೋ ಗೊತ್ತಾಗಲಿಲ್ಲ. ಮುಂದಿನ ಸಲ ಕನೆಹಲಗೆಗೆ ಕ್ಯಾಮೆರಾ ಉದ್ದಕ್ಕೆ ಹಿಡಿದು, ಝೂಮ್ ಸ್ವಲ್ಪ ಕಮ್ಮಿ ಮಾಡ್ತೀಯಾ?’ ಇದರಲ್ಲಿ ಹೊಗಳಿಕೆ ಇದೆ. ಆದರೆ ಸುಮ್ನೆ ಹೊಗಳಿದ್ದಲ್ಲ, ಯಾವುದು ಚೆನ್ನಾಗಿದೆ ಅಂತ ತೋರಿಸಿದೆ. ತಪ್ಪು ಎಲ್ಲಿದೆ, ಯಾಕೆ ತಪ್ಪು ಅನಿಸಿತು, ಏನು ಮಾಡಬಹುದು ಅನ್ನುವುದೂ ಇದೆ. ಅದೇ ಹಗ್ಗ ಅಥವಾ ನೇಗಿಲು ವಿಭಾಗದ ಓಟವಾಗಿದ್ದರೆ ಮೇಲಿನ ನೀರು ಕತ್ತರಿಸಿದ್ದು ದೊಡ್ಡ ವಿಷಯವೇ ಆಗುತ್ತಿರಲಿಲ್ಲ. ಅಲ್ಲಿ ವೇಗ ಕಾಣಬೇಕು. ಚಿತ್ರ ಯಾವುದರ ಬಗ್ಗೆ ಅಂತ ಗೊತ್ತಿಲ್ಲದೆ ಫ್ರೇಮ್ ಬಗ್ಗೆ ಮಾತಾಡಿದರೆ ಪ್ರಯೋಜನ ಕಮ್ಮಿ.

‘ಶಾರ್ಪ್ ಇಲ್ಲ’ ಅನ್ನುವ ಮಾತು ನಾನು ಅತಿ ಹೆಚ್ಚು ಕೇಳುತ್ತೇನೆ. ಒಂಟಿಯಾಗಿ ಅದು ಉಪಯೋಗಕ್ಕೆ ಬರದ ಮಾತು. ಯಾಕೆ ಶಾರ್ಪ್ ಇಲ್ಲ ಅಂತ ಚಿತ್ರದಲ್ಲೇ ಹುಡುಕಿ. ಕೋಣ, ನೆಲ, ಹಿಂದಿನ ಜನ ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗೆ ಅಲುಗಿದ್ದರೆ ಕೈ ಅಲುಗಿದೆ. ನೆಲ ಸ್ಪಷ್ಟವಾಗಿದ್ದು ಕೋಣದ ಕಾಲು ಮಾತ್ರ ಮಸುಕಾಗಿದ್ದರೆ ಶಟರ್ ಸ್ಪೀಡ್ (ಶಟರ್ ತೆರೆದು ಮುಚ್ಚುವ ವೇಗ) ಸಾಲಲಿಲ್ಲ. ಕೋಣ ಮಸುಕಾಗಿ ಹಿಂದೆ ನಿಂತವರ ಮುಖ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿ ಅವರ ಮೇಲೆ ಕೂತಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಕಂಬಳ ರಾತ್ರಿಯಿಡೀ ದೀಪದ ಬೆಳಕಲ್ಲೂ ನಡೆಯುತ್ತದೆ. ಹೊಸಬರು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸೋಕೆ ಹೆದರಿ ಶಟರನ್ನು ಸೆಕೆಂಡಿನ 1/125ರಲ್ಲೇ ಇಟ್ಟು ತೆಗೆದುಬಿಡುತ್ತಾರೆ. ಅವರಿಗೆ ‘ಐಎಸ್‌ಒ 3200, 6400 ಆದರೂ ಪರವಾಗಿಲ್ಲ, ಶಟರ್ 1/1000ದ ಹತ್ತಿರ ಇಟ್ಟುಕೊ, ಕಾಳು ಕಾಳಾಗಿ ಬಂದಿದ್ದನ್ನು ಆಮೇಲೆ ಎಷ್ಟೋ ಸರಿ ಮಾಡಬಹುದು, ಅಲುಗಿದ್ದನ್ನು ಅಷ್ಟು ಸುಲಭವಾಗಿ ಸರಿ ಮಾಡೋಕಾಗಲ್ಲ’ ಅಂದರೆ ಮುಂದಿನ ಕಂಬಳಕ್ಕೇ ಕೆಲಸಕ್ಕೆ ಬರುತ್ತದೆ.

ಆದರೆ ಇದನ್ನೆಲ್ಲ ಹೇಳುವ ಮೊದಲು ಕೇಳಿ. ಕೋಣಗಳು ಸ್ಪಷ್ಟವಾಗಿದ್ದು ಹಿಂದಿನ ಜನ ಗೆರೆ ಗೆರೆಯಾಗಿದ್ದರೆ ಅವರು 1/30 ಅಥವಾ 1/60ರಲ್ಲಿ ಕ್ಯಾಮೆರಾವನ್ನು ಓಟದ ಜೊತೆಗೇ ತಿರುಗಿಸಿ, ಬೇಕಂತಲೇ ತೆಗೆದಿರಬಹುದು. ‘ಇಲ್ಲಿ ಏನು ತೋರಿಸಬೇಕು ಅಂದ್ಕೊಂಡಿದ್ದೆ?’ ಅನ್ನುವ ಒಂದು ಪ್ರಶ್ನೆ ಎಷ್ಟೋ ಮನಸ್ತಾಪ ತಪ್ಪಿಸುತ್ತದೆ.

ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದದ್ದನ್ನು ನೋಡಿ ಶಾರ್ಪ್‌ನೆಸ್ ಬಗ್ಗೆ ತೀರ್ಪು ಕೊಡಬೇಡಿ. ಅದು ಫೈಲನ್ನು ಕುಗ್ಗಿಸುತ್ತದೆ, ಶಟರ್, ಐಎಸ್‌ಒ ಮಾಹಿತಿಯೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ.

ನಿಮ್ಮ ರುಚಿಯನ್ನು ಅವರ ತಪ್ಪು ಅಂತ ಹೇಳದಿರುವುದು ಇನ್ನೂ ಮುಖ್ಯ. ದಿಗಂತ ಓರೆಯಾಗಿದೆ, ಮುಖಕ್ಕೆ ಕಂಬ ಅಡ್ಡ ಬಂದಿದೆ, ಬಿಳಿ ಅಂಗಿಯ ವಿವರ ಪೂರ್ತಿ ಹೋಗಿದೆ – ಇವು ಬಹುತೇಕ ಎಲ್ಲರಿಗೂ ಕಾಣುವಂಥವು. ‘ಬ್ಲ್ಯಾಕ್ ಅಂಡ್ ವೈಟ್ ಆಗಿದ್ದರೆ ಚೆನ್ನಾಗಿತ್ತು’ ಅನ್ನುವುದು ನಿಮ್ಮ ಇಷ್ಟ. ಹೇಳಬಾರದು ಅಂತಲ್ಲ, ನನ್ನ ಇಷ್ಟ ಅಂತ ಸೇರಿಸಿ ಹೇಳಿ. ‘ನಾನಾಗಿದ್ರೆ ಆ ಕಡೆಯಿಂದ ತೆಗೀತಿದ್ದೆ’ ಅಂತ ಶುರು ಮಾಡಿದರೆ ಮಾತು ಅವರ ಫೋಟೋ ಬಿಟ್ಟು ನಿಮ್ಮ ಫೋಟೋ ಕಡೆ ಹೋಗಿಬಿಡುತ್ತದೆ.

ಒಂದು ಚಿತ್ರಕ್ಕೆ ಒಂದೇ ದೊಡ್ಡ ತಿದ್ದುಪಡಿ ಸಾಕು. ಹತ್ತು ಹೇಳಿದರೆ ಹೊಸಬರು ಕ್ಯಾಮೆರಾ ಬ್ಯಾಗಿಗೆ ಹಾಕಿಬಿಡುತ್ತಾರೆ. ಹಿರಿಯರಾದರೆ ಎಲ್ಲರ ಎದುರು ಬೇಡ. ‘ಸರ್, ಒಂದು ಮಾತು ಕೇಳ್ಲಾ?’ ಅಂತ ಪಕ್ಕಕ್ಕೆ ಕರೆದು ಹೇಳಿದರೆ ಹೆಚ್ಚಿನವರು ಖುಷಿಯಿಂದಲೇ ಕೇಳುತ್ತಾರೆ.

ಸ್ಪರ್ಧೆಗೆ ಕಳಿಸುವ ಚಿತ್ರವಾದರೆ ಇನ್ನೊಂದು ಎಚ್ಚರ ಬೇಕು. ಬೆಂಗಳೂರಿನಲ್ಲಿ 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಸಲೋನ್, ಅಂದರೆ ಫೋಟೋ ಸ್ಪರ್ಧೆ, ನಡೆಸುತ್ತವೆ. ಸಲೋನ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಅಂಕ, ಕಾರಣ ಅಲ್ಲ. ಹಾಗಾಗಿ ಕಳಿಸುವ ಮೊದಲೇ ಗೆಳೆಯರು ಹೇಳುವ ಮಾತಿಗೆ ತುಂಬಾ ಬೆಲೆ ಇದೆ. ಆದರೆ ಹಕ್ಕಿಯ ಚಿತ್ರ ನೋಡಿ ‘ಆ ಕಡ್ಡಿ ಅಳಿಸಿಬಿಡು’ ಅನ್ನುವ ಮೊದಲು ಯಾವ ವಿಭಾಗಕ್ಕೆ ಅಂತ ಕೇಳಿ. ನೇಚರ್ ವಿಭಾಗದಲ್ಲಿ ಕ್ರಾಪ್ ಮಾಡಬಹುದು, ಇದ್ದದ್ದನ್ನು ಅಳಿಸುವ ಹಾಗಿಲ್ಲ, ಇಲ್ಲದ್ದನ್ನು ಸೇರಿಸುವ ಹಾಗಿಲ್ಲ. ಗೂಡಿನ ಮುಂದಿನ ಎಲೆ ಸರಿಸಿ ಮರಿಗಳ ಫೋಟೋ ತೆಗೆದಿದ್ದರೆ ಮಾತ್ರ ನಯ ಸ್ವಲ್ಪ ಬದಿಗಿರಲಿ. ಆ ಎಲೆಯೇ ಬಿಸಿಲಿಗೂ ಕಾಗೆಯ ಕಣ್ಣಿಗೂ ಅಡ್ಡ ಇದ್ದದ್ದು. ಬೆಳಕು ಎಷ್ಟೇ ಚೆನ್ನಾಗಿರಲಿ, ಹೀಗೆ ಮಾಡಬೇಡ ಅಂತ ನೇರವಾಗಿ ಹೇಳಿ.

ಇನ್ನೊಂದು ಅಭ್ಯಾಸ ನನಗೆ ತುಂಬಾ ಇಷ್ಟ. ಗೆಳೆಯ ಕಳಿಸಿದ ಚಿತ್ರದ ಹಿಂದೆ ಮುಂದೆ ತೆಗೆದ ನಾಲ್ಕೈದು ಫ್ರೇಮ್ ತೋರಿಸೋಕೆ ಹೇಳಿ, ಇಬ್ಬರೂ ಕೂತು ನೋಡಿ. ಕನೆಹಲಗೆಯ ಆ ಓಟದಲ್ಲಿ ನೀರು ನಿಶಾನೆ ಮುಟ್ಟಿದ ಫ್ರೇಮ್, ಕೋಣದ ಕಣ್ಣು ಅಷ್ಟು ಚೆನ್ನಾಗಿಲ್ಲ ಅಂತ ಅವನು ಬಿಟ್ಟ ಚಿತ್ರಗಳಲ್ಲೇ ಇರಬಹುದು.