ಪದ ಪರಿಚಯ: ಓಪಿಯೇಟ್ ಪಾಸಿಟಿವ್

ಮೂತ್ರ ಪರೀಕ್ಷೆಯ ಚೀಟಿಯಲ್ಲಿ ಈ ಎರಡು ಪದ ಕಂಡರೆ ಮನೆಯವರಿಗೆ ಗಾಬರಿ. ಆದರೆ ಮಾರ್ಫಿನ್ ಗುಳಿಗೆ ನುಂಗುತ್ತಿರುವ ಕ್ಯಾನ್ಸರ್ ರೋಗಿಗೆ ಇದು ಬರಲೇಬೇಕಾದ ಫಲಿತಾಂಶ. ಗುಳಿಗೆ ಹೊಟ್ಟೆ ಸೇರಿದೆ ಎಂದಷ್ಟೇ ಅದರ ಅರ್ಥ. ಎಷ್ಟು ನುಂಗಿದರು ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ. ನೋವಿನ ಚಿಕಿತ್ಸೆಯಲ್ಲಿ ವೈದ್ಯರು ಕೂರಿಸಿ ವಿಚಾರಿಸಬೇಕಾದ್ದು ನೆಗೆಟಿವ್ ಬಂದವರನ್ನು.

ಓಪಿಯೇಟ್ ಎಂದರೆ ಅಫೀಮಿನ ಗಿಡದಲ್ಲೇ ಇರುವ ಮಾರ್ಫಿನ್, ಕೊಡೀನ್. ಟ್ರಮಡಾಲ್, ಫೆಂಟನಿಲ್, ಮೆಥಡೋನ್ ಕಾರ್ಖಾನೆಯಲ್ಲಿ ತಯಾರಾಗುವಂಥವು. ನೋವು ತಗ್ಗಿಸುವ ರೀತಿ ಒಂದೇ ಆದರೂ ಅಣುವಿನ ರಚನೆ ಬೇರೆ. ಓಪಿಯೇಟ್ ಪಟ್ಟಿಗೆ, ಅಂದರೆ ಮೂತ್ರ ಪರೀಕ್ಷಿಸುವ ಸ್ಟ್ರಿಪ್‌ಗೆ, ಇವು ಸಿಕ್ಕುವುದಿಲ್ಲ. ಸೊಂಟನೋವಿಗೆ ಟ್ರಮಡಾಲ್ ತೆಗೆದುಕೊಳ್ಳುವವರ ಚೀಟಿ ನೆಗೆಟಿವ್ ಬಂತೆಂದು ‘ಮಾತ್ರೆ ಮಾರಿಕೊಂಡಿದ್ದಾನೆ’ ಎಂದು ಅನುಮಾನಿಸಿದರೆ ತಪ್ಪು ರೋಗಿಯದಲ್ಲ. ಟ್ರಮಡಾಲ್‌ಗೆ ಬೇರೆ ಪಟ್ಟಿಯೇ ಬೇಕು.

ಪಟ್ಟಿ ಓದುವಲ್ಲೂ ಎಡವುವವರಿದ್ದಾರೆ. ಬಸಿರು ನೋಡುವ ಕಿಟ್‌ನಲ್ಲಿ ಎರಡು ಗೆರೆ ಬಂದರೆ ಪಾಸಿಟಿವ್. ಇಲ್ಲಿ ಅದು ತಲೆಕೆಳಗು. ಮೂತ್ರದಲ್ಲಿ ಔಷಧ ಇದ್ದರೆ ಪರೀಕ್ಷೆಯ ಗೆರೆ ಮೂಡುವುದೇ ಇಲ್ಲ. ಮಸುಕಾಗಿ ಮೂಡಿದರೂ ನೆಗೆಟಿವ್ ಎಂದೇ ಲೆಕ್ಕ. ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಕಂಟ್ರೋಲ್ ಗೆರೆಯೇ ಬಾರದಿದ್ದರೆ ಆ ಪಟ್ಟಿಯನ್ನು ಬಿಸಾಡಿ ಹೊಸದು ತೆಗೆಯಬೇಕು.

ಇನ್ನು ಗಸಗಸೆ. ಅದು ಅಫೀಮಿನ ಗಿಡದ್ದೇ ಬೀಜ. ಮದುವೆಮನೆಯಲ್ಲಿ ಗಸಗಸೆ ಪಾಯಸ ಎರಡು ಲೋಟ ಇಳಿಸಿ ಬಂದವರ ಮೂತ್ರದಲ್ಲೂ ಮಾರ್ಫಿನ್ ಕಾಣಿಸಬಹುದು. ಅಮೆರಿಕದಲ್ಲಿ ಉದ್ಯೋಗಿಗಳ ಪರೀಕ್ಷೆಯಲ್ಲಿ ಪಾಸಿಟಿವ್ ಎನ್ನುವ ಮಿತಿಯನ್ನು 1998ರಲ್ಲಿ ಮಿಲಿಲೀಟರಿಗೆ 300ರಿಂದ 2000 ನ್ಯಾನೋಗ್ರಾಂಗೆ ಏರಿಸಿದ್ದು ಮುಖ್ಯವಾಗಿ ಇದೇ ಕಾರಣಕ್ಕೆ. 300ರ ಪಟ್ಟಿಗಳು ಈಗಲೂ ಬಳಕೆಯಲ್ಲಿವೆ. ಪೊಟ್ಟಣದ ಮೇಲಿನ ಅಂಕಿ ನೋಡದೆ ತೀರ್ಪು ಕೊಡಬಾರದು. ಲಿವೊಫ್ಲಾಕ್ಸಸಿನ್, ರಿಫಾಂಪಿಸಿನ್ ಎಂಬ ಆ್ಯಂಟಿಬಯಾಟಿಕ್‌ಗಳು ಕೂಡ ಪಟ್ಟಿಯನ್ನು ಏಮಾರಿಸಬಲ್ಲವು. ಕೊಡೀನ್ ಇರುವ ಕೆಮ್ಮಿನ ಸಿರಪ್ ಕುಡಿದವರಲ್ಲಿ ಮಾರ್ಫಿನ್ ಸಿಗುವುದು ಸಹಜ, ಯಕೃತ್ತು ಕೊಡೀನನ್ನು ಮಾರ್ಫಿನ್ ಆಗಿ ಬದಲಿಸುತ್ತದೆ. ಅನುಮಾನ ಉಳಿದರೆ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ, ಅಣುವನ್ನೇ ಗುರುತಿಸುವ ಪ್ರಯೋಗಾಲಯದ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಬರೀ ಪಟ್ಟಿ ನಂಬಿ ಔಷಧ ನಿಲ್ಲಿಸುವಂತಿಲ್ಲ.

ಮಾರ್ಫಿನ್ ರೋಗಿಗೆ ನೆಗೆಟಿವ್ ಬಂದರೆ ಮೊದಲು ಮಾದರಿಯನ್ನೇ ನೋಡಿ. ಕೊಟ್ಟ 4 ನಿಮಿಷದೊಳಗೆ ಅದು 32–38 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಮೂತ್ರದಲ್ಲಿ ಸದಾ ಇರುವ ದೇಹದ ತ್ಯಾಜ್ಯವಾದ ಕ್ರಿಯಾಟಿನಿನ್ ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಮೂತ್ರ ತೆಳುವಾಗಿದೆ. ನೀರು, ಮಜ್ಜಿಗೆ ಹೆಚ್ಚು ಕುಡಿದು ಬಂದಿದ್ದರೂ ಹೀಗಾಗುತ್ತದೆ. ಆಮೇಲೆ ಕೇಳಬೇಕಾದ್ದು, ಗುಳಿಗೆ ಮುಗಿದು ಎಷ್ಟು ದಿನವಾಯಿತು? ಮಾರ್ಫಿನ್ ಮೂತ್ರದಲ್ಲಿ ಉಳಿಯುವುದು ಹೆಚ್ಚೆಂದರೆ ಎರಡು ಮೂರು ದಿನ. ನಮ್ಮ ಮಾದಕ ವಸ್ತು (ಎನ್‌ಡಿಪಿಎಸ್) ಕಾಯ್ದೆಯ 2014ರ ತಿದ್ದುಪಡಿ ‘ಅಗತ್ಯ ಮಾದಕ ಔಷಧ’ ಎಂಬ ವರ್ಗ ಮಾಡಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಿಗೆ ಮಾರ್ಫಿನ್ ಸಿಗುವ ದಾರಿ ಸರಳ ಮಾಡಿತು, ಆದರೆ ಊರಿನ ಮೆಡಿಕಲ್ ಶಾಪಿನಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಆಷಾಢದ ಮಳೆಯಲ್ಲಿ ಆಗುಂಬೆ, ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ಬರುವುದು ನಾಲ್ಕು ದಿನ ತಡವಾದರೆ ನೆಗೆಟಿವ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅಂಥವರಿಗೆ ಚೀಟಿಯಲ್ಲಿ ಒಂದು ವಾರದ ಗುಳಿಗೆ ಹೆಚ್ಚಿಗೆ ಬರೆಯಬೇಕೋ ಎಂದು ವೈದ್ಯರು ಯೋಚಿಸುವುದು ಒಳ್ಳೆಯದು.

ಹೀಗೆ ದಿನಗಟ್ಟಲೆ ತಪ್ಪಿಸಿಕೊಂಡವರಿಗೆ ಹಳೆಯ ಪ್ರಮಾಣವನ್ನೇ ಒಮ್ಮೆಲೇ ಕೊಡಬಾರದು. ದೇಹ ಅಭ್ಯಾಸ ಕಳೆದುಕೊಂಡಿರುತ್ತದೆ, ಉಸಿರಾಟ ಕುಗ್ಗೀತು. ಕಡಿಮೆಯಿಂದ ಶುರುಮಾಡಿ, ನೋವು ನೋಡಿಕೊಂಡು ಏರಿಸಬೇಕು.