ರೆಗ್ಯುಲೇಟರ್ ಭಾಗಗಳಿಗೆ ಅಲ್ಟ್ರಾಸೋನಿಕ್ ಕ್ಲೀನರ್: ಕಲಿಯುವವರಿಗೆ ಒಂದಿಷ್ಟು ಟಿಪ್ಪಣಿ

ಗೋವಾದಲ್ಲಿ ಮಳೆಗಾಲ ಹಿಡಿದರೆ ಡೈವಿಂಗ್ ಬಂದ್. ಗ್ರಾಂಡೆ ದ್ವೀಪಕ್ಕೆ ದೋಣಿ ಹೋಗುವುದಿಲ್ಲ, ನಮ್ಮ ಕಡೆ ನೇತ್ರಾಣಿಯಲ್ಲೂ ಅದೇ ಕಥೆ. ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಡೈವರ್ ಬಾಯಿಗೆ ಕೊಡುವ ರೆಗ್ಯುಲೇಟರನ್ನು ಬಿಚ್ಚಿ ಸರ್ವಿಸ್ ಮಾಡಲು ಇದೇ ಒಳ್ಳೆಯ ಸಮಯ. ವಾಸ್ಕೋ ಕಡೆ ಈ ಕೆಲಸ ಕಲಿಯುತ್ತಿರುವ ಕಾರವಾರ, ಹುಬ್ಬಳ್ಳಿಯ ಗೆಳೆಯರಿಗೆ ಇದನ್ನು ಬರೆದಿದ್ದೇನೆ. ಭಾಗಗಳನ್ನು ತೊಳೆಯುವ ಅಲ್ಟ್ರಾಸೋನಿಕ್ ಮೆಷಿನ್ನಿನ ಗುಂಡಿ ಒತ್ತುವುದು ಯಾರಿಗೂ ಬರುತ್ತದೆ. ಅದಕ್ಕೆ ಮುಂಚಿನ ಮತ್ತು ಆಮೇಲಿನ ಕೆಲಸವೇ ಜಾಸ್ತಿ.

ಮೆಷಿನ್ನಿನ ತೊಟ್ಟಿಯ ತಳಕ್ಕೆ ಹೊರಗಿನಿಂದ ಅಂಟಿಸಿದ ಟ್ರಾನ್ಸ್‌ಡ್ಯೂಸರ್‌ಗಳು (ವಿದ್ಯುತ್ತನ್ನು ನಡುಕವಾಗಿಸುವ ಭಾಗಗಳು) ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 40,000 ಸಲ ನಡುಗುತ್ತವೆ. ಆ ನಡುಕಕ್ಕೆ ನೀರಿನಲ್ಲಿ ತೀರಾ ಸಣ್ಣ ಗುಳ್ಳೆಗಳು ಹುಟ್ಟಿ ಕೂಡಲೇ ಒಡೆಯುತ್ತವೆ. ಆ ಪೆಟ್ಟಿಗೆ ಕೊಳೆ ಕಿತ್ತು ಬರುತ್ತದೆ, ಬ್ರಷ್ ಹೋಗದ ತೂತು, ಥ್ರೆಡ್ ಸಂದಿಯಲ್ಲೂ. ಹೊಸದಾಗಿ ತುಂಬಿದ ನೀರಿನಲ್ಲಿ ಗಾಳಿ ಕರಗಿರುತ್ತದೆ, ಅದು ಪೆಟ್ಟನ್ನು ತಗ್ಗಿಸುತ್ತದೆ. ಹಾಗಾಗಿ ಭಾಗಗಳನ್ನು ಹಾಕುವ ಮೊದಲು ಐದು-ಹತ್ತು ನಿಮಿಷ ಬರೀ ನೀರಿನಲ್ಲೇ ಓಡಿಸಿ.

ಈಗ ಮುಖ್ಯ ವಿಷಯ, ಯಾವುದನ್ನು ಹಾಕಬಾರದು. ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ), ಸೀಟ್ (ಗಾಳಿಯ ದಾರಿ ಮುಚ್ಚುವ ಮೆದು ಬಿಲ್ಲೆ), ಡಯಾಫ್ರಾಮ್ (ಬಾಗುವ ತೆಳು ಪೊರೆ) ಎಲ್ಲ ತೆಗೆದಿಡಿ. ಸರ್ವಿಸ್‌ನಲ್ಲಿ ಓ-ರಿಂಗ್, ಸೀಟ್ ಹೇಗೂ ಹೊಸದು ಬರುತ್ತವೆ. ಪ್ರೆಶರ್ ಗೇಜ್, ಡೈವ್ ಕಂಪ್ಯೂಟರ್ ಹತ್ತಿರಕ್ಕೂ ತರಬೇಡಿ. ಸೆಕೆಂಡ್ ಸ್ಟೇಜಿನ, ಅಂದರೆ ಬಾಯಲ್ಲಿ ಕಚ್ಚಿಕೊಳ್ಳುವ ಭಾಗದ, ಪ್ಲಾಸ್ಟಿಕ್ ಡಬ್ಬಿಗೆ ಸೋಪಿನ ಬೆಚ್ಚಗಿನ ನೀರು ಸಾಕು. ಬಣ್ಣ ಬಳಿದ ಅಥವಾ ಆನೊಡೈಸ್ ಮಾಡಿದ (ಮೇಲೆ ಆಕ್ಸೈಡ್ ಪದರ ಬರಿಸಿದ) ಅಲ್ಯೂಮಿನಿಯಂ ಭಾಗಗಳಿಗೆ ವಿನಿಗರ್ ಥರದ ಆಸಿಡ್ ಆಗುವುದಿಲ್ಲ. ಹಿತ್ತಾಳೆ ಮೇಲಿನ ಕ್ರೋಮ್ ಲೇಪ ಆಗಲೇ ಎದ್ದಿದ್ದರೆ ಮೆಷಿನ್ ಅದನ್ನು ಇನ್ನಷ್ಟು ಸುಲಿಯುತ್ತದೆ, ಗಿರಾಕಿಗೆ ಮೊದಲೇ ಹೇಳಿಬಿಡಿ.

ಆಸಿಡ್ಡಿಗೆ ಗ್ರೀಸ್ ಬಗ್ಗುವುದಿಲ್ಲ. ಮೊದಲು ಡಿಟರ್ಜೆಂಟ್ ನೀರಿನಲ್ಲಿ ಹಳೇ ಸಿಲಿಕೋನ್ ಗ್ರೀಸ್ ಹೋಗಬೇಕು, ಆಮೇಲೆ ಕಿಲುಬಿನ ಸರದಿ. ಕಿಲುಬಿಗೆ ಬಿಳಿ ವಿನಿಗರ್ ಮತ್ತು ನೀರು ಸಮಸಮ ಬೆರೆಸಿದರೂ ನಡೆಯುತ್ತದೆ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಚ್ಚಿದ ಹಾಗೇ ಅಲ್ವಾ? ಜಾಸ್ತಿ ಹೊತ್ತು ಬಿಟ್ಟರೆ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಾಗಾದರೆ ಆಸಿಡ್ ತನ್ನ ಕೆಲಸ ಮೀರಿದೆ ಅಂತ ಅರ್ಥ. ಐದು ನಿಮಿಷಕ್ಕೊಮ್ಮೆ ತೆಗೆದು ನೋಡಿ. ಟೈಮರ್ ನಂಬಿ ಚಹಾಕ್ಕೆ ಹೋಗುವವರನ್ನು ನಾನಂತೂ ನಂಬುವುದಿಲ್ಲ.

ಆಸಿಡ್ಡನ್ನು ನೇರ ತೊಟ್ಟಿಗೆ ಸುರಿಯಬೇಕಿಲ್ಲ. ಗಾಜಿನ ಬೀಕರಿನಲ್ಲಿ ವಿನಿಗರ್ ನೀರು ಮತ್ತು ಭಾಗಗಳನ್ನು ಹಾಕಿ. ಆ ಬೀಕರನ್ನು ತೊಟ್ಟಿಯ ನೀರಿನಲ್ಲಿ ತೂಗುಹಾಕಿ ಅಥವಾ ಬುಟ್ಟಿಯಲ್ಲಿಡಿ. ನಡುಕ ಗಾಜನ್ನು ದಾಟಿ ಹೋಗುತ್ತದೆ. ವಿನಿಗರ್ ಕಡಿಮೆ ಸಾಕು, ತೊಟ್ಟಿಯೂ ಹಾಳಾಗುವುದಿಲ್ಲ. ಬೀಕರಾಗಲಿ ಭಾಗಗಳಾಗಲಿ ತಳಕ್ಕೆ ಮುಟ್ಟಬಾರದು. ಹಿತ್ತಾಳೆ, ಅಲ್ಯೂಮಿನಿಯಂ ಒಂದೇ ಬೀಕರಿನಲ್ಲಿ ಬೇಡ. ಆರಿಫೈಸ್ (ಸೀಟ್ ಕೂತು ಮುಚ್ಚುವ ಗಾಳಿ ತೂತು) ಮತ್ತು ಪಿಸ್ಟನ್ ಅಂಚು ಬೇರೆ ಲೋಹಕ್ಕೆ ತಾಗದಂತೆ ಬೇರೆಬೇರೆ ಇಡಿ. ಆ ಅಂಚಿನ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಹೊಸ ಸೀಟ್ ಹಾಕಿ ಪ್ರಯೋಜನವಿಲ್ಲ, ಗಾಳಿ ಸೋರುತ್ತದೆ. ಪೆಟ್ರೋಲ್, ಥಿನ್ನರ್, ಸ್ಪಿರಿಟ್ ಯಾವ ಕಾರಣಕ್ಕೂ ಹಾಕಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಓಡುವಾಗ ಕೈ ಅದ್ದಬೇಡಿ.

ತೆಗೆದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ, ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿ. ನಲ್ಲಿ ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಸ್ವಚ್ಛ ಗಾಳಿಯನ್ನು ಮೆಲ್ಲಗೆ ಬಿಟ್ಟು ತೂತುಗಳೊಳಗಿನ ನೀರು ತೆಗೆಯಿರಿ. ಕರಾವಳಿಯ ಮಳೆಗಾಲದಲ್ಲಿ ಸುಮ್ನೆ ಬಟ್ಟೆ ಮೇಲೆ ಹರಡಿಟ್ಟರೆ ಒಣಗುವುದಿಲ್ಲ.

ಮೆಷಿನ್ ಸರಿಯಾಗಿದೆಯೇ ಅಂತ ಅನುಮಾನ ಬಂದರೆ ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ನೀರಿನಲ್ಲಿ ಒಂದೆರಡು ನಿಮಿಷ ಇಳಿಬಿಡಿ. ಎಲ್ಲ ಕಡೆ ಒಂದೇ ಥರ ಚುಕ್ಕಿ, ತೂತು ಬಿದ್ದರೆ ಸರಿ. ಒಂದು ಭಾಗ ನುಣ್ಣಗೇ ಉಳಿದರೆ ಅಲ್ಲಿ ಪೆಟ್ಟು ಸಾಲುತ್ತಿಲ್ಲ, ಬುಟ್ಟಿಯನ್ನು ಬೇರೆ ಕಡೆ ಸರಿಸಿ ನೋಡಿ.