ಲಂಡನ್‌ನ ‘ಒಂಬತ್ತು ಪಟ್ಟು’: ಮುಗಿಯದ ಒಂದು ಲೆಕ್ಕದ ಕಥೆ

ಇಂಗ್ಲೆಂಡಿನ ಕೆರಿಬಿಯನ್ ಮೂಲದ ಜನರಲ್ಲಿ ಸ್ಕಿಜೋಫ್ರೇನಿಯಾ ಬಿಳಿಯರಿಗಿಂತ ಒಂಬತ್ತು ಪಟ್ಟು ಜಾಸ್ತಿ. ಈ ಅಂಕಿ ಎಲ್ಲಿ ಬಂದರೂ ಜಗಳ ಶುರುವಾಗುತ್ತದೆ. ಡಾಕ್ಟರುಗಳಿಗೆ ಕಪ್ಪು ಜನರ ಮೇಲೆ ಪೂರ್ವಗ್ರಹ, ಅದಕ್ಕೇ ಹಾಗೆ ಬರೆಯುತ್ತಾರೆ ಅಂತ ಒಬ್ಬರು. ರಕ್ತದಲ್ಲೇ ಬಂದಿರಬೇಕು ಅಂತ ಇನ್ನೊಬ್ಬರು. ಮತ್ತೊಬ್ಬರು ಗಾಂಜಾ ಕಡೆ ಬೆರಳು ತೋರಿಸುತ್ತಾರೆ. ವಿಚಿತ್ರವೆಂದರೆ ಮೂರನ್ನೂ ಸಂಶೋಧಕರು ಎಂದೋ ಕೈಗೆತ್ತಿಕೊಂಡು ನೋಡಿದ್ದಾರೆ. ಜಗಳ ಮಾತ್ರ ಇದ್ದಲ್ಲೇ ಇದೆ.

ಸೈಕೋಸಿಸ್ ಎಂದರೆ ಮನಸ್ಸು ವಾಸ್ತವದ ಹಿಡಿತ ತಪ್ಪುವ ಸ್ಥಿತಿ. ಇಲ್ಲದ ದನಿ ಕೇಳಿಸುತ್ತದೆ, ಯಾರೋ ಬೆನ್ನು ಹತ್ತಿದ್ದಾರೆ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಸ್ಕಿಜೋಫ್ರೇನಿಯಾ ಇದರಲ್ಲಿ ಒಂದು ಬಗೆ. ಕಾಯಿಲೆ ಅಪರೂಪದ್ದು. ಒಂಬತ್ತು ಪಟ್ಟು ಅಂದರೂ, ವರ್ಷಕ್ಕೆ ಹೊಸದಾಗಿ ಸ್ಕಿಜೋಫ್ರೇನಿಯಾ ಬರುವವರು ಆ ಸಮುದಾಯದ ಲಕ್ಷ ಜನರಲ್ಲಿ ನೂರು ದಾಟುವುದಿಲ್ಲ. ಸುದ್ದಿಯ ತಲೆಬರಹದಲ್ಲಿ ಈ ಸಾಲು ಇರುವುದೇ ಇಲ್ಲ.

ವಲಸೆಗೂ ಈ ಕಾಯಿಲೆಗೂ ನಂಟಿದೆ ಎಂಬುದು ಹಳೆಯ ಮಾತು. ಅಮೆರಿಕದ ಮಿನ್ನೆಸೋಟಕ್ಕೆ ಹೋದ ನಾರ್ವೆಯವರಲ್ಲಿ ಕಾಯಿಲೆ ಜಾಸ್ತಿ ಎಂದು ನಾರ್ವೆಯ ಮನೋವೈದ್ಯ ಓಡೆಗಾರ್ಡ್ 1932ರಲ್ಲೇ ಬರೆದಿದ್ದ. 1939ರಲ್ಲಿ ಷಿಕಾಗೊದ ಸಂಶೋಧಕರು ಊರಿನ ನಡುಭಾಗದ ಬಡ ಬಡಾವಣೆಗಳಲ್ಲಿ ಅದೇ ಏರಿಕೆ ಕಂಡರು. 1948ರಲ್ಲಿ ಕೆರಿಬಿಯನ್ ವಲಸಿಗರನ್ನು ಹೊತ್ತ ವಿಂಡ್‌ರಶ್ ಹಡಗು ಇಂಗ್ಲೆಂಡಿನ ಟಿಲ್ಬರಿ ಬಂದರಿಗೆ ಬಂತು, ಅದರ ಹಿಂದೆ ಸಾವಿರಾರು ಜನ ಬಂದರು. ಅವರ ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಬ್ರಿಟಿಷ್ ಆಸ್ಪತ್ರೆಗಳ ದಾಖಲೆಗಳಲ್ಲಿ ಅಂತರ ಎದ್ದು ಕಾಣತೊಡಗಿತ್ತು. 1988ರಲ್ಲಿ ನಾಟಿಂಗ್‌ಹ್ಯಾಮ್‌ನಿಂದ ಬಂದ ವರದಿ ಹನ್ನೆರಡು ಪಟ್ಟಿಗೂ ಮೇಲೆ ಎಂದಿತು.

ಆ ಲೆಕ್ಕದಲ್ಲಿ ಒಂದು ತೂತಿತ್ತು. ಕಾಯಿಲೆಯವರು ಎಷ್ಟು ಎಂದು ಆಸ್ಪತ್ರೆ ಹೇಳುತ್ತದೆ. ಆದರೆ ಎಷ್ಟು ಜನರಲ್ಲಿ ಅಷ್ಟು? ಬ್ರಿಟನ್ನಿನ ಜನಗಣತಿ ಜನಾಂಗದ ಪ್ರಶ್ನೆ ಕೇಳಿದ್ದೇ 1991ರಲ್ಲಿ. ಅದರಲ್ಲೂ ನಗರದ ಯುವಕರು ಎಣಿಕೆಗೆ ಸಿಗದೆ ತಪ್ಪಿಸಿಕೊಂಡರು. ಭಾಗಿಸುವ ಸಂಖ್ಯೆ ಚಿಕ್ಕದಾದರೆ ಪಟ್ಟು ತಾನಾಗಿ ದೊಡ್ಡದಾಗುತ್ತದೆ. ಅನುಮಾನ ಹುಟ್ಟಿದ್ದು ಸಹಜ, ಅಲ್ವಾ?

ರೋಗನಿರ್ಣಯದ ಮೇಲೂ ಅನುಮಾನ ಬಂತು. ಜಮೈಕಾದ ಮನೋವೈದ್ಯ ಫ್ರೆಡರಿಕ್ ಹಿಕ್ಲಿಂಗ್ ಲಂಡನ್ನಿನ ಮೌಡ್ಸ್ಲಿ ಆಸ್ಪತ್ರೆಗೆ ಬಂದು, ಅಲ್ಲಿನ ಕಪ್ಪು ರೋಗಿಗಳನ್ನು ಬೇರೆಯಾಗಿ ಪರೀಕ್ಷಿಸಿದರು. ಸ್ಕಿಜೋಫ್ರೇನಿಯಾ ಇದೆ ಎನ್ನಿಸಿಕೊಂಡವರ ಪ್ರಮಾಣ ಅವರ ಲೆಕ್ಕದಲ್ಲೂ ಆಸ್ಪತ್ರೆಯ ಬ್ರಿಟಿಷ್ ವೈದ್ಯರ ಲೆಕ್ಕದಲ್ಲೂ ಹೆಚ್ಚುಕಡಿಮೆ ಒಂದೇ, ಅರ್ಧಕ್ಕಿಂತ ತುಸು ಮೇಲೆ. ಆದರೆ ಯಾರಿಗೆ ಇದೆ ಎಂಬಲ್ಲಿ ಅವರಿಗೂ ಬ್ರಿಟಿಷ್ ವೈದ್ಯರಿಗೂ ಸಾಕಷ್ಟು ಕಡೆ ಹೊಂದಲಿಲ್ಲ. 1999ರಲ್ಲಿ ಪ್ರಕಟವಾದ ಈ ಪುಟ್ಟ ಅಧ್ಯಯನವನ್ನು ಎರಡೂ ಬಣದವರು ತಮ್ಮ ಸಾಕ್ಷಿಯೆಂದೇ ಉಲ್ಲೇಖಿಸುತ್ತಾರೆ. ನಿಜ ಹೇಳಬೇಕೆಂದರೆ ಇಬ್ಬರದೂ ಸರಿಯೇ.

ರಕ್ತದ ವಾದ ಅಷ್ಟು ದಿನ ಬಾಳಲಿಲ್ಲ. ಜಮೈಕಾ, ಟ್ರಿನಿಡಾಡ್, ಬಾರ್ಬಡೋಸ್‌ಗಳಲ್ಲೇ ಎಣಿಸಿ ನೋಡಿದರು. ಅಲ್ಲಿ ಆ ಏರಿಕೆ ಇಲ್ಲ. ಮ್ಯಾಂಚೆಸ್ಟರ್‌ನ ಅಧ್ಯಯನವೊಂದರಲ್ಲಿ ಕೆರಿಬಿಯನ್ ರೋಗಿಗಳ ತಂದೆತಾಯಿಯರಿಗೆ ಬಿಳಿಯ ರೋಗಿಗಳ ತಂದೆತಾಯಿಯರಷ್ಟೇ ಅಪಾಯವಿತ್ತು. ಅಪಾಯ ಏರಿದ್ದು ಇಂಗ್ಲೆಂಡಿನಲ್ಲಿ ಹುಟ್ಟಿದ ರೋಗಿಗಳ ಒಡಹುಟ್ಟಿದವರಲ್ಲಿ. ಒಂದೇ ಮನೆ, ಒಂದೇ ರಕ್ತ, ಬದಲಾಗಿದ್ದು ನೆಲ. ಗಾಂಜಾ ಅಪಾಯ ಹೆಚ್ಚಿಸುತ್ತದೆ ನಿಜ, ಆದರೆ ಇಷ್ಟು ದೊಡ್ಡ ಅಂತರವನ್ನು ಅದೊಂದರ ತಲೆಗೆ ಕಟ್ಟಲಾಗದು. ಹುಷಾರಿಲ್ಲದವರೇ ವಲಸೆ ಹೋದರೇನೋ ಎಂಬ ವಾದಕ್ಕೆ ನೆದರ್ಲೆಂಡ್ಸ್‌ನಿಂದ ಉತ್ತರ ಬಂತು. ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ಅಷ್ಟೂ ಜನ ಅಲ್ಲಿಗೆ ವಲಸೆ ಬಂದಿದ್ದಾರೆ ಎಂದೇ ಇಟ್ಟುಕೊಂಡು ಭಾಗಿಸಿದರೂ ಏರಿಕೆ ಉಳಿಯಿತು.

ಇಷ್ಟಾದ ಮೇಲೆ ಬಂದದ್ದು ಈಸಾಪ್ ಅಧ್ಯಯನ. ಆಗ್ನೇಯ ಲಂಡನ್, ನಾಟಿಂಗ್‌ಹ್ಯಾಮ್, ಬ್ರಿಸ್ಟಲ್ ಎಂಬ ಮೂರು ಕಡೆ, 1997ರಿಂದ ಎರಡು ವರ್ಷ, ಮೊದಲ ಸಲ ಸೈಕೋಸಿಸ್‌ನಿಂದ ಚಿಕಿತ್ಸೆಗೆ ಬಂದವರನ್ನೆಲ್ಲ ಹುಡುಕಿದರು. ರೋಗಿಯ ಜನಾಂಗ ಯಾವುದೆಂದು ಮುಚ್ಚಿಟ್ಟು, ವೈದ್ಯರು ಕೂತು ರೋಗ ಯಾವುದೆಂದು ತೀರ್ಮಾನಿಸಿದರು. ಪೂರ್ವಗ್ರಹದ ಪ್ರಶ್ನೆಗೆ ಅದು ನೇರ ಉತ್ತರ. 2006ರಲ್ಲಿ ಫಲಿತಾಂಶ ಬಂತು. ಸ್ಕಿಜೋಫ್ರೇನಿಯಾ ಕೆರಿಬಿಯನ್ ಮೂಲದವರಲ್ಲಿ 9.1 ಪಟ್ಟು, ಆಫ್ರಿಕಾ ಮೂಲದ ಕಪ್ಪು ಜನರಲ್ಲಿ 5.8 ಪಟ್ಟು. ಉನ್ಮಾದದ (ಮೇನಿಯಾ) ಕಾಯಿಲೆಯಲ್ಲೂ ಹೀಗೇ ಏರಿಕೆ. ಏಷ್ಯಾ ಮೂಲದವರಲ್ಲಿ ಏರಿಕೆ ಬಹಳ ಕಡಿಮೆ. ಮುಂದೆ ಪೂರ್ವ ಲಂಡನ್ನಿನಲ್ಲಿ ಎಣಿಸಿದಾಗ ಪಾಕಿಸ್ತಾನಿ, ಬಾಂಗ್ಲಾದೇಶಿ ಹೆಂಗಸರಲ್ಲಿ ಏರಿಕೆ ಸಿಕ್ಕಿತು, ಅದೇ ಸಮುದಾಯಗಳ ಗಂಡಸರಲ್ಲಿ ಸಿಗಲಿಲ್ಲ. ಜನಾಂಗ ಎಂಬ ಒಂದೇ ಪೆಟ್ಟಿಗೆಯಲ್ಲಿ ಎಲ್ಲವನ್ನೂ ತುಂಬಬೇಡಿ ಎನ್ನಲು ಇದಕ್ಕಿಂತ ಇನ್ನೇನು ಬೇಕು?

ಇಡೀ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಈ ಒಂಬತ್ತಲ್ಲ, ಅದಕ್ಕೂ ಐದು ವರ್ಷ ಮೊದಲು, 2001ರಲ್ಲಿ ಬಂದ ಒಂದು ಚಿಕ್ಕ ಪ್ರಬಂಧ. ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್ ಸುತ್ತಲಿನ ಹದಿನೈದು ಚುನಾವಣಾ ವಾರ್ಡುಗಳನ್ನು ತೆಗೆದುಕೊಂಡು, 1988ರಿಂದ 1997ರವರೆಗಿನ ಹೊಸ ರೋಗಿಗಳನ್ನು ವಾರ್ಡುವಾರು ಹಂಚಿದರು. ಬಿಳಿಯರಲ್ಲದವರು ಹೆಚ್ಚು ಇರುವ ವಾರ್ಡುಗಳಲ್ಲಿ ಅವರ ಅಪಾಯ ಬಿಳಿಯರಿಗಿಂತ 2.4 ಪಟ್ಟಿನ ಆಸುಪಾಸು. ಅವರು ತೀರಾ ಕಡಿಮೆ ಇರುವ ವಾರ್ಡುಗಳಲ್ಲಿ ಅದೇ ಅಪಾಯ 4.4 ಪಟ್ಟು. ಅದೇ ಊರು, ಅದೇ ಡಾಕ್ಟರುಗಳು. ತನ್ನವರ ನಡುವೆ ಇದ್ದವನಿಗೆ ಕಾಯಿಲೆ ಕಡಿಮೆ, ಬೀದಿಯಲ್ಲಿ ಒಂಟಿಯಾದವನಿಗೆ ಜಾಸ್ತಿ. ಏಳು ವರ್ಷದ ನಂತರ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲೂ ಇಂಥದೇ ಚಿತ್ರ ಸಿಕ್ಕಿತು. ಈಸಾಪ್‌ನವರೇ ಮುಂದೆ ಕೆದಕಿದಾಗ ಚಿಕ್ಕಂದಿನಲ್ಲಿ ತಂದೆಯಿಂದಲೋ ತಾಯಿಯಿಂದಲೋ ದೂರವಾದದ್ದು, ಕೆಲಸವಿಲ್ಲದಿರುವುದು, ಒಬ್ಬನೇ ಬದುಕುವುದು ಕಾಯಿಲೆಯ ಜೊತೆಜೊತೆಗೇ ಕಂಡವು. ಯಾವಾಗಲೂ ಹೊರಗಿನವನಾಗಿ, ಸೋತವನಾಗಿ ಬದುಕುವುದೇ ಮೆದುಳಿಗೆ ಏಟು ಕೊಡುತ್ತದೆ ಎಂಬ ವಾದ ಬೆಳೆದದ್ದು ಈ ಹೊತ್ತಿನಲ್ಲೇ. ಅದಿನ್ನೂ ಪೂರ್ತಿ ಸಾಬೀತಾಗಿಲ್ಲ. ಆದರೆ ವಾರ್ಡುಗಳ ಆ ಲೆಕ್ಕಕ್ಕೆ ಬರೀ ರಕ್ತ, ಬರೀ ಪೂರ್ವಗ್ರಹ ಎರಡೂ ಉತ್ತರ ಕೊಡಲಾರವು.

ಇಷ್ಟರಲ್ಲಿ ಇನ್ನೊಂದು ವಿಷಯ ಬಂದು ಇದರ ಜೊತೆ ಸಿಕ್ಕಾಯಿತು. ಅದು ಬಲವಂತದ ದಾಖಲಾತಿ. 1998ರಲ್ಲಿ ಡೇವಿಡ್ ಬೆನೆಟ್ ಎಂಬ ಕಪ್ಪು ರೋಗಿ ನಾರ್ವಿಚ್‌ನ ಘಟಕವೊಂದರಲ್ಲಿ, ಸಿಬ್ಬಂದಿ ಅದುಮಿ ಹಿಡಿದಿದ್ದಾಗ ತೀರಿಕೊಂಡ. ಆರೋಗ್ಯ ವ್ಯವಸ್ಥೆಯೊಳಗೇ ಜನಾಂಗ ತಾರತಮ್ಯ ಬೇರೂರಿದೆ ಎಂದು ತನಿಖಾ ವರದಿ ಹೇಳಿತು. 2018ರ ಸರ್ಕಾರಿ ಪರಿಶೀಲನೆಯ ಪ್ರಕಾರ ಕಪ್ಪು ಜನರನ್ನು ಮಾನಸಿಕ ಆರೋಗ್ಯ ಕಾಯ್ದೆಯಡಿ ಹಿಡಿದಿಡುವ ಸಂಭವ ಬಿಳಿಯರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಕಾಯಿಲೆ ಎಷ್ಟು ಜನಕ್ಕೆ ಬರುತ್ತದೆ ಎಂಬುದು ಒಂದು ಪ್ರಶ್ನೆ, ಬಂದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ಬೇರೆ ಪ್ರಶ್ನೆ. ಎರಡನ್ನೂ ಕಲಸಿದ್ದರಿಂದ, ಕಾಯಿಲೆ ನಿಜ ಎಂದವರು ತಾರತಮ್ಯ ಒಪ್ಪುವವರಂತೆಯೂ, ತಾರತಮ್ಯ ಇದೆ ಎಂದವರು ಕಾಯಿಲೆಯನ್ನು ಅಲ್ಲಗಳೆಯುವವರಂತೆಯೂ ಕಾಣತೊಡಗಿದರು.

ಸುಧಾರಣೆಗಳು ಬಂದವು. ಹಿಡಿದಿಡುವ ನಿಯಮ, ರೋಗಿಯ ಪರ ಮಾತಾಡುವವರು, ಸಿಬ್ಬಂದಿಗೆ ತರಬೇತಿ, 2023ರಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಗಳಿಗೆಲ್ಲ ಜನಾಂಗ ಸಮಾನತೆಯ ಚೌಕಟ್ಟು. ಬೇಕಾದ್ದೇ, ತಡವಾಗಿ ಬಂದದ್ದೇ. ಆದರೆ ಇವೆಲ್ಲ ಶುರುವಾಗುವುದು ಮನುಷ್ಯ ಕಾಯಿಲೆ ಬಿದ್ದು ಆಸ್ಪತ್ರೆಯ ಬಾಗಿಲಿಗೆ ಬಂದ ಮೇಲೆ. 2001ರ ಆ ವಾರ್ಡುಗಳ ಲೆಕ್ಕ ತೋರಿಸಿದ್ದು ಅದಕ್ಕೂ ಹಿಂದಿನ ಇಪ್ಪತ್ತು ವರ್ಷಗಳ ಬದುಕನ್ನು. ಮನೆ ಯಾವ ಬೀದಿಯಲ್ಲಿ ಸಿಗುತ್ತದೆ, ಹುಡುಗನನ್ನು ಶಾಲೆ ಯಾಕೆ ಹೊರಗೆ ಹಾಕುತ್ತದೆ, ಕೆಲಸ ಯಾಕೆ ಸಿಗುವುದಿಲ್ಲ ಎಂಬುದೆಲ್ಲ ಬೇರೆ ಬೇರೆ ಇಲಾಖೆಗಳ ಕಡತ. ಆ ಇಲಾಖೆಗಳಲ್ಲಿ ಯಾವುದರ ಕೆಲಸದ ಪಟ್ಟಿಯಲ್ಲೂ ಸೈಕೋಸಿಸ್ ಎಂಬ ಕಾಲಂ ಇಲ್ಲ.